ಉತ್ತರ ಅಚ್ಚಾಗದ ಒಗಟು: ‘ಎಬೆರಾನ್: ರೈಸಿಂಗ್ ಫ್ರಮ್ ದಿ ಲಾಸ್ಟ್ ವಾರ್’ ಡಿಎಂ ಕೈಗೆ ಏನು ಕೊಡುತ್ತದೆ

ಎಬೆರಾನ್ ಎಂಬುದು ‘ಡಂಜನ್ಸ್ ಆ್ಯಂಡ್ ಡ್ರಾಗನ್ಸ್’ (ಡಿ ಆ್ಯಂಡ್ ಡಿ) ಆಟದ ಒಂದು ಕಲ್ಪಿತ ಲೋಕ. ಮೇಜಿನ ಸುತ್ತ ಕೂತ ಆಟಗಾರರು ಒಂದೊಂದು ಪಾತ್ರವಾಗಿ ಆಡುತ್ತಾರೆ, ಕಥೆ ನಡೆಸುವವರು ಡಂಜನ್ ಮಾಸ್ಟರ್, ಅಂದರೆ ಡಿಎಂ. ಆ ಲೋಕದ ಖೋರ್ವೇರ್ ಖಂಡದಲ್ಲಿ ನೂರು ವರ್ಷ ಎಳೆದ ಯುದ್ಧದ ಕೊನೆಗೆ ಸೈರ್ ಎಂಬ ಒಂದಿಡೀ ದೇಶ ಸತ್ತುಹೋಯಿತು. ಆ ಲೋಕದ ಲೆಕ್ಕದಲ್ಲಿ ಅದು 994ನೇ ವರ್ಷ, ಒಲರೂನ್ ತಿಂಗಳ 20. ಬೂದು ಮಂಜು ಹಬ್ಬಿತು, ಹೆಚ್ಚುಕಡಿಮೆ ದೇಶದ ಗಡಿಯವರೆಗೆ ಬಂದು ನಿಂತುಬಿಟ್ಟಿತು. ಒಳಗಿದ್ದವರಲ್ಲಿ ಬದುಕುಳಿದವರು ತೀರ ಕಡಿಮೆ. ಯಾರು ಮಾಡಿದರು, ಯಾಕೆ ಆಯಿತು ಎಂಬುದಕ್ಕೆ 2004ರ ಮೊದಲ ಎಬೆರಾನ್ ಪುಸ್ತಕದಲ್ಲಿ ಉತ್ತರವಿರಲಿಲ್ಲ, 2009ರ ಪುಸ್ತಕದಲ್ಲೂ ಇರಲಿಲ್ಲ, 2019ರ ನವೆಂಬರಿನಲ್ಲಿ ಬಂದ ಈ ಪುಸ್ತಕದಲ್ಲೂ ಇಲ್ಲ. ಮರೆತು ಬಿಟ್ಟದ್ದಲ್ಲ ಇದು. ಅಧಿಕೃತ ಉತ್ತರ ಎಂದೂ ಬರುವುದಿಲ್ಲ, ಅದು ಆಯಾ ಮೇಜಿನ ಡಿಎಂಗೆ ಸೇರಿದ್ದು ಎಂದು ಈ ಲೋಕವನ್ನು ಕಟ್ಟಿದ ಕೀತ್ ಬೇಕರ್ ಹೇಳುತ್ತಲೇ ಬಂದಿದ್ದಾರೆ.

ಮೊದಲು ಹೆಸರಿನ ಮಾತು. ಇಂಗ್ಲಿಷಿನಲ್ಲಿ ಈ ಘಟನೆಗೆ ‘ಮೋರ್ನಿಂಗ್’ ಎನ್ನುತ್ತಾರೆ. ಕನ್ನಡದಲ್ಲಿ ಆಡುವಾಗ ಅದು ಬೆಳಗಿನ ‘ಮಾರ್ನಿಂಗ್’ ಎಂದೇ ಕೇಳಿಸುತ್ತದೆ, ‘ಮಾರ್ನಿಂಗ್ ಆದಮೇಲೆ ಹೋಗೋಣ’ ಎಂದರೆ ಯಾವುದು ಎಂದು ಗೊತ್ತಾಗದೆ ಮಾತು ನಿಲ್ಲುತ್ತದೆ. ‘ಸೂತಕ’ ಎನ್ನಿ. ಸಾವು, ಮುಟ್ಟಬಾರದ್ದು, ಹೊಸ್ತಿಲು ದಾಟಬಾರದ್ದು, ಮೂರೂ ಆ ಒಂದು ಪದದಲ್ಲೇ ಬರುತ್ತವೆ. ಸತ್ತ ನೆಲವಾದ ಮೋರ್ನ್‌ಲ್ಯಾಂಡನ್ನು ‘ಸೂತಕದ ಸೀಮೆ’ ಎಂದರಾಯಿತು. ಈ ಬರಹದಲ್ಲೂ ಹಾಗೇ ಕರೆದಿದೆ.

ಪುಸ್ತಕ 320 ಪುಟ, ಗಟ್ಟಿ ರಟ್ಟು, ಮುದ್ರಿತ ಬೆಲೆ 49.95 ಡಾಲರ್. ಆಟದ ಅಧಿಕೃತ ಜಾಲತಾಣ ಡಿ ಆ್ಯಂಡ್ ಡಿ ಬಿಯಾಂಡ್‌ನಲ್ಲಿ ಡಿಜಿಟಲ್ ಪ್ರತಿಯೂ ಇದೆ. ವಾರ್‌ಫೋರ್ಜ್ಡ್ (ಯುದ್ಧಕ್ಕೆಂದು ಮಾಡಿದ ಜೀವಂತ ಯಂತ್ರಮಾನವರು), ಚೇಂಜ್‌ಲಿಂಗ್, ಶಿಫ್ಟರ್, ಕಲಷ್ಟಾರ್ ಎಂಬ ಪಾತ್ರಗಳ ಕುಲಗಳು, ಮಾಟದ ವಸ್ತುಗಳನ್ನು ಮಾಡುವ ಆರ್ಟಿಫಿಸರ್ ಎಂಬ ಪಾತ್ರವರ್ಗ, ಖೋರ್ವೇರ್‌ನ ಭೂಗೋಳ, ಗೋಪುರಗಳ ನಗರ ಶಾರ್ನ್‌ಗೆಂದೇ ಒಂದು ಪೂರ್ತಿ ಅಧ್ಯಾಯ, ಕೊನೆಗೆ ಶತ್ರುಗಳು. ಇವುಗಳ ಬಗ್ಗೆ ಬೇಕಾದಷ್ಟು ಬರೆದವರಿದ್ದಾರೆ. ಇಲ್ಲಿ ನೋಡುವುದು ಒಂದೇ ಸಂಗತಿ: ಈ ಬಿಡಿಸದ ಒಗಟನ್ನು ಬೆನ್ನೆಲುಬಾಗಿಟ್ಟು ವರ್ಷಗಟ್ಟಲೆ ಕ್ಯಾಂಪೇನ್, ಅಂದರೆ ಹಲವು ಸಲ ಕೂತು ಆಡುವ ಒಂದೇ ಉದ್ದನೆಯ ಕಥೆ, ನಡೆಸಲು ಹೊರಟ ಡಿಎಂಗೆ ಪುಸ್ತಕ ಎಷ್ಟು ಆಸರೆಯಾಗುತ್ತದೆ?

ಒಂದು ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. ಒಗಟನ್ನು ಗೋಡೆಗೆ ತೂಗುಹಾಕಿದ ಚಿತ್ರದಂತೆ ಇಡದೆ ಮನೆಯ ಕಂಬವಾಗಿ ನೆಟ್ಟಿದ್ದಾರೆ. ಸೂತಕವಾಗಿ ಎರಡು ವರ್ಷಕ್ಕೆ, 996ರಲ್ಲಿ, ಥ್ರೋನ್‌ಹೋಲ್ಡ್ ಒಪ್ಪಂದವಾಗಿ ಯುದ್ಧ ನಿಲ್ಲುತ್ತದೆ. ಆಟ ಶುರುವಾಗುವುದು 998ರಲ್ಲಿ. ಉಳಿದ ನಾಲ್ಕು ದೇಶಗಳು, ಆಂಡೇರ್, ಬ್ರೆಲಂಡ್, ಕಾರ್ನಾಥ್, ಥ್ರೇನ್, ಶಾಂತಿಯ ಮೇಲಿನ ಪ್ರೀತಿಯಿಂದ ಸುಮ್ಮನಾದವಲ್ಲ. ಸೈರ್‌ಗೆ ಆದದ್ದು ಯಾವುದರಿಂದ ಎಂದು ಗೊತ್ತಿಲ್ಲ, ಮತ್ತೆ ಕತ್ತಿ ಎತ್ತಿದರೆ ನಮಗೂ ಅದೇ ಗತಿಯೇನೋ ಎಂಬ ಅಂಜಿಕೆ. ಉತ್ತರ ಹೊರಬಿದ್ದ ದಿನ ಆ ಅಂಜಿಕೆ ಹೋಗುತ್ತದೆ, ಇಲ್ಲವೇ ಯಾರದೋ ಕೈಯಲ್ಲಿ ಆಯುಧವಾಗುತ್ತದೆ. ಅಂದರೆ ಆಟಗಾರರು ಒಗಟು ಬಿಡಿಸಿದ ಕ್ಷಣಕ್ಕೆ ಕಥೆ ಮುಗಿಯುವುದಿಲ್ಲ, ಇದನ್ನು ಯಾರಿಗೆ ಹೇಳಬೇಕು, ಹೇಳಲೇಬೇಕೇ ಎಂಬ ದೊಡ್ಡ ಜಗಳ ಅವರವರ ನಡುವೆಯೇ ಹುಟ್ಟುತ್ತದೆ. ಪ್ರಕಟಿತ ಲೋಕಗಳಲ್ಲಿ ಇಷ್ಟು ಉಪಯುಕ್ತ ಒಗಟು ಅಪರೂಪ.

ಇದೇ ಬಗೆಯ ಇನ್ನೊಂದು ಆಟ ಪಾಥ್‌ಫೈಂಡರ್ ಆಡುವವರಿಗೆ ಅರೋಡೆನ್ ದೇವರ ಸಾವು ಗೊತ್ತಿರುತ್ತದೆ. ಅದೂ ಪ್ರಕಾಶಕರು ಬೇಕೆಂದೇ ಬಿಡಿಸದೆ ಬಿಟ್ಟ ಒಗಟು. ಆದರೆ ಅದು ನಡೆದದ್ದು ಆ ಲೋಕದ 4606ರಲ್ಲಿ, ಆಟ ನಡೆಯುವ ಕಾಲಕ್ಕೆ ನೂರು ವರ್ಷ ದಾಟಿದೆ. ಹೋಗಿ ನೋಡಲು ಹೆಣವಿಲ್ಲ, ಕೇಳಲು ಕಣ್ಣಾರೆ ಕಂಡ ಸಾಮಾನ್ಯರಿಲ್ಲ. ಸೂತಕಕ್ಕೆ ನಾಲ್ಕೇ ವರ್ಷ. ಶಾರ್ನ್‌ನ ಹೈ ವಾಲ್ಸ್ ಕೇರಿಯಲ್ಲಿ ಸೈರ್‌ನಿಂದ ಓಡಿಬಂದವರು ಇದ್ದಾರೆ, ಬ್ರೆಲಂಡ್‌ನ ನ್ಯೂ ಸೈರ್‌ನಲ್ಲಿ ರಾಜಕುಮಾರ ಓರ್ಗೆವ್ ಇದ್ದಾನೆ, ಸೀಮೆಯೊಳಗೆ ವಾರ್‌ಫೋರ್ಜ್ಡ್ ನಾಯಕ ಲಾರ್ಡ್ ಆಫ್ ಬ್ಲೇಡ್ಸ್ ಇದ್ದಾನೆ. ತನಿಖೆಗೆ ಸ್ಥಳವೂ ಇದೆ, ಸಾಕ್ಷಿಯೂ ಇದೆ.

ಪುಸ್ತಕ ಸೋಲುವುದು ಇದರ ಮುಂದಿನ ಹೆಜ್ಜೆಯಲ್ಲಿ. ಪರಿಣಾಮಗಳನ್ನು ಚೆನ್ನಾಗಿ ಕಟ್ಟಿಕೊಡುತ್ತದೆ: ಕೊಳೆಯದ ಹೆಣಗಳು, ತನ್ನಷ್ಟಕ್ಕೆ ಅಲೆಯುವ ಜೀವಂತ ಸ್ಪೆಲ್‌ಗಳು (ಮಾಟಗಳು), ಬಿದ್ದಿರುವ ದೈತ್ಯ ಯಂತ್ರಗಳು. ಕಾರಣದ ಬಗ್ಗೆ ಊರಿನವರ ಊಹೆಗಳನ್ನೂ ಹೇಳುತ್ತದೆ. ಆದರೆ ಊಹೆಯೊಂದನ್ನು ಆರಿಸಿ ಅದನ್ನು ಸುಳಿವುಗಳಾಗಿ ಒಡೆಯುವುದು ಹೇಗೆ ಎಂಬ ಕ್ರಮ ಇಲ್ಲ. ಸೀಮೆಯ ಮಾಹಿತಿ ಎರಡನೇ ಅಧ್ಯಾಯದಲ್ಲಿ ಸ್ವಲ್ಪ, ನಾಲ್ಕನೆಯದರಲ್ಲಿ ಸ್ವಲ್ಪ, ಜೀವಿಗಳು ಆರನೆಯದರಲ್ಲಿ. ಶಾರ್ನ್‌ಗೆ ಸಿಕ್ಕ ವಿಸ್ತಾರದ ಮುಂದೆ ಸೀಮೆಗೆ ಸಿಕ್ಕದ್ದು ಬೆರಳೆಣಿಕೆಯ ಪುಟ. ಒಳಗಿನ ಸಾಹಸವೂ ಶಾರ್ನ್‌ನಲ್ಲೇ, 1ನೇ ಲೆವೆಲ್‌ನವರಿಗೆ, ಅಂದರೆ ಆಗಷ್ಟೇ ಶುರುವಾದ ಪಾತ್ರಗಳಿಗೆ. ಸೀಮೆಗೆ ಹೋಗುವ ಕ್ಯಾಂಪೇನನ್ನು ಡಿಎಂ ಕೈಯಾರೆ ಹೆಣೆಯಬೇಕು.

ಹೆಣೆಯುವಾಗ ಮೊದಲ ಕೆಲಸ, ಮೊದಲ ಸುಳಿವು ಕೊಡುವ ಮುಂಚೆಯೇ ಉತ್ತರವನ್ನು ಐದು ವಾಕ್ಯದಲ್ಲಿ ಬರೆದಿಡುವುದು. ‘ಆಟಗಾರರ ಊಹೆಯಲ್ಲಿ ಚೆಂದದ್ದನ್ನು ಆಮೇಲೆ ಆರಿಸಿಕೊಂಡರಾಯಿತು’ ಎನ್ನುವವರು ಬಹಳ. ಸಣ್ಣ ಒಗಟಿಗೆ ಅದು ನಡೆದೀತು. ಎಂಟು ತಿಂಗಳು ಹೊತ್ತು ಸಾಗಬೇಕಾದ ಒಗಟಿಗೆ ನಡೆಯುವುದಿಲ್ಲ. ಹತ್ತನೇ ಸೆಷನ್‌ಗೆ ಬರುವ ಹೊತ್ತಿಗೆ ಹಿಂದೆ ಕೊಟ್ಟ ಸುಳಿವುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ, ನೋಟ್ಸ್ ಬರೆದುಕೊಳ್ಳುವ ಆಟಗಾರ ಅದನ್ನು ಹಿಡಿಯುತ್ತಾನೆ, ಅಲ್ಲಿಗೆ ನಂಬಿಕೆ ಹೋಯಿತು.

ಬರೆದ ಉತ್ತರವನ್ನು ಮೂರು ಪ್ರಶ್ನೆಗೆ ಒಡ್ಡಿ. ಮಂಜು ಗಡಿಯಲ್ಲೇ ಯಾಕೆ ನಿಂತಿತು? ಹೆಣಗಳು ಯಾಕೆ ಕೊಳೆಯುವುದಿಲ್ಲ? ಬೇರೆ ದಿನ ಆಗದೆ ಆ ದಿನವೇ ಯಾಕೆ ಆಯಿತು? ‘ರಾಕ್ಷಸನೊಬ್ಬ ಎದ್ದ’ ಎಂಬ ಉತ್ತರ ಮೊದಲನೆಯದರಲ್ಲೇ ಎಡವುತ್ತದೆ. ರಾಜರು ಎಳೆದ ಗೆರೆಯ ಹಂಗು ರಾಕ್ಷಸನಿಗೇಕೆ? ‘ಯುದ್ಧದ ಮಾಟ ಮಿತಿಮೀರಿತು’ ಎಂಬುದು ಮೂರನೆಯದರಲ್ಲಿ ಸೋಲುತ್ತದೆ.

ಮೂರಕ್ಕೂ ನಿಲ್ಲುವ ಉತ್ತರದ ಒಂದು ಮಾದರಿ ಇಲ್ಲಿದೆ. ಯುದ್ಧದ ಯಂತ್ರಗಳನ್ನು ಮಾಡುತ್ತಿದ್ದ ಕ್ಯಾನಿತ್ ಮನೆತನದ ನೆಲೆಯೊಂದು ಸೈರ್‌ನ ಮೇಕಿಂಗ್ ನಗರದಲ್ಲಿತ್ತು. ಸೈರ್‌ನ ರಾಣಿ ಡ್ಯಾನೆಲ್ ಕ್ಯಾನಿತ್‌ನವರ ಕೈಯಲ್ಲಿ ದೇಶದ ಸುತ್ತ ಒಂದು ರಕ್ಷಣೆಯ ಬೇಲಿ ಕಟ್ಟಿಸಲು ಹೊರಟಳು ಎಂದುಕೊಳ್ಳಿ. ಗಡಿಯುದ್ದಕ್ಕೂ ಮಂತ್ರಿಸಿದ ಕಲ್ಲು ನೆಟ್ಟರು, ಮೇಕಿಂಗ್‌ನಿಂದ ಶಕ್ತಿ ಬಿಟ್ಟರು. ಗಡಿಯಲ್ಲಿ ತೆಳು ಗೋಡೆಯಾಗಿ ಏಳಬೇಕಾದ ರಕ್ಷಣೆ ಇಡೀ ದೇಶವನ್ನೇ ತುಂಬಿಕೊಂಡಿತು. ಗಡಿಕಲ್ಲುಗಳು ತಮ್ಮ ಕೆಲಸ ಮಾಡಿದವು, ಅದಕ್ಕೇ ಮಂಜು ಅಲ್ಲಿ ನಿಂತಿತು. ಬದಲಾವಣೆಯನ್ನು ತಡೆಯುವುದೇ ಆ ರಕ್ಷಣೆಯ ಗುಣ, ಅದಕ್ಕೇ ಹೆಣ ಕೊಳೆಯದು. ರಾಣಿಯ ಅಪ್ಪಣೆ ಬಿದ್ದದ್ದು ಆ ದಿನ. ಖಳನಿಲ್ಲ. ಆದರೆ ಕಲ್ಲು ನೆಡುವ ವಿದ್ಯೆ ಕ್ಯಾನಿತ್‌ನವರ ಹತ್ತಿರ ಅರ್ಧಂಬರ್ಧ ಉಳಿದಿದೆ, ಮತ್ತು ಸೂತಕದ ಬಳಿಕ ಆ ಮನೆತನ ಮೂರು ಪಾಲಾಗಿದೆ: ಶಾರ್ನ್‌ನಲ್ಲಿ ಮೆರಿಕ್ಸ್, ಫೇರ್‌ಹೇವನ್‌ನಲ್ಲಿ ಜೋರ್ಲಾನ, ಕೋರ್ತ್‌ನಲ್ಲಿ ಝೋರ್ಲಾನ್. ಮೂವರಿಗೂ ಬೇರೆ ಬೇರೆ ಚೂರು ಸಿಕ್ಕಿದೆ ಎಂದರೆ ಕ್ಯಾಂಪೇನ್‌ನ ದ್ವಿತೀಯಾರ್ಧ ತಾನಾಗಿ ಸಿದ್ಧವಾಯಿತು.

ಇದರಲ್ಲಿ ಆಟಗಾರರು ತಲುಪಬೇಕಾದ ತೀರ್ಮಾನ ನಾಲ್ಕು: ಮಂಜು ಹೊರಟದ್ದು ಮೇಕಿಂಗ್‌ನಿಂದ, ಮಾಡಿದವರು ಕ್ಯಾನಿತ್, ಅದು ಆಯುಧವಲ್ಲ ಬೇಲಿ, ಅಪ್ಪಣೆ ಅರಮನೆಯದು. ಒಂದೊಂದಕ್ಕೂ ಬೇರೆ ಬೇರೆ ಜಾಗದಲ್ಲಿ ಮೂರು ಸುಳಿವು ಇಡಿ, ಒಟ್ಟು ಹನ್ನೆರಡು. ಒಂದನ್ನು ನೋಡದೆ ದಾಟುತ್ತಾರೆ, ಇನ್ನೊಂದನ್ನು ತಪ್ಪಾಗಿ ಓದುತ್ತಾರೆ, ಮೂರನೆಯದು ಕೈಗೆ ಹತ್ತುತ್ತದೆ. ಸುಳಿವು ಸಿಗುವುದನ್ನೇ ಡೈಸ್ ಮೇಲೆ ಬಿಟ್ಟರೆ ಹನ್ನೆರಡೂ ಸಾಲುವುದಿಲ್ಲ. ಡೈಸ್ ಬೇಕಾದರೆ ಎಷ್ಟು ಹೊತ್ತು ಹಿಡಿಯಿತು, ಯಾರ ಕಣ್ಣಿಗೆ ಬಿದ್ದರು ಎಂಬುದಕ್ಕೆ ಎಸೆಯಲಿ.

ಪುಸ್ತಕ ಎಚ್ಚರಿಕೆ ಕೊಡಬೇಕಾಗಿದ್ದ ಒಂದು ಜಾಗವಿದೆ. 5ನೇ ಲೆವೆಲ್‌ನ ಕ್ಲೆರಿಕ್‌ಗೆ (ಪುರೋಹಿತ ಪಾತ್ರಕ್ಕೆ) ಹೆಣವನ್ನು ಮಾತಾಡಿಸುವ ಸ್ಪೀಕ್ ವಿತ್ ಡೆಡ್ ಎಂಬ 3ನೇ ಹಂತದ ಸ್ಪೆಲ್ ಸಿಗುತ್ತದೆ. ಹೆಣಕ್ಕೆ ಬಾಯಿ ಇದ್ದರೆ ಸಾಕು, ಸತ್ತು ಎಷ್ಟು ವರ್ಷವಾಯಿತು ಎಂಬ ಮಿತಿ ಇಲ್ಲ. ಐದು ಪ್ರಶ್ನೆ ಕೇಳಬಹುದು. ಒಂದು ಹೆಣದ ಮೇಲೆ ಮತ್ತೆ ಪ್ರಯೋಗಿಸಲು ಹತ್ತು ದಿನ ಬಿಡಬೇಕು. ಸೂತಕದ ಸೀಮೆಯಲ್ಲಿ ಬಾಯಿ ಕೆಡದ ಹೆಣ ಲೆಕ್ಕವಿಲ್ಲದಷ್ಟು. ಇದನ್ನು ಯೋಚಿಸದ ಡಿಎಂ ಮೊದಲ ದಿನವೇ ಸಿಕ್ಕಿಬೀಳುತ್ತಾರೆ, ಗಾಬರಿಯಲ್ಲಿ ‘ಇಲ್ಲಿ ಆ ಸ್ಪೆಲ್ ನಡೆಯುವುದಿಲ್ಲ’ ಎನ್ನುತ್ತಾರೆ. ಹಾಗೆ ಬಾಗಿಲು ಮುಚ್ಚಬೇಡಿ. ಸತ್ತವರಿಗೆ ಬದುಕಿದ್ದಾಗ ಗೊತ್ತಿದ್ದಷ್ಟೇ ಗೊತ್ತು, ಉತ್ತರವೂ ಚುಟುಕು. ಒಬ್ಬ ಗಾಣಿಗ ‘ಮಧ್ಯಾಹ್ನದ ಗಂಟೆ ಬಾರಿಸುತ್ತಿತ್ತು, ಬೆಟ್ಟದ ಕಡೆಯಿಂದ ಬಂತು’ ಎನ್ನುತ್ತಾನೆ. ಎರಡು ದಿನದ ದಾರಿಯಾಚೆ ಒಬ್ಬ ಸೈನಿಕ ‘ದೀಪ ಹಚ್ಚುವ ಹೊತ್ತು, ಹೊಳೆಯ ಕಡೆಯಿಂದ’ ಎನ್ನುತ್ತಾನೆ. ಮೂರು ಹೆಣ, ಮೂರು ಹೊತ್ತು, ಮೂರು ದಿಕ್ಕು. ಆಟಗಾರರ ಮುಂದೆ ಖಾಲಿ ನಕ್ಷೆ ಮತ್ತು ಪೆನ್ಸಿಲ್ ಇಟ್ಟುಬಿಡಿ. ಗೆರೆಗಳು ಮೇಕಿಂಗ್‌ನಲ್ಲಿ ಕೂಡುವುದನ್ನು ಅವರೇ ಕಾಣುತ್ತಾರೆ, ಒಬ್ಬರೂ ಅವರಿಗೆ ಉತ್ತರ ಹೇಳಿಕೊಡಬೇಕಾಗಿಲ್ಲ. ಹೊತ್ತುಗಳ ಪಟ್ಟಿಯನ್ನು ಮುಂಚೆಯೇ ಬರೆದಿಡಿ. ನಿಂತಲ್ಲೇ ಹೇಳಿದ ಹೊತ್ತು ಖಂಡಿತ ತಾಳೆ ತಪ್ಪುತ್ತದೆ.

9ನೇ ಲೆವೆಲ್‌ನಲ್ಲಿ ಇದೇ ತೊಂದರೆ ಇನ್ನೊಂದು ವೇಷದಲ್ಲಿ ಬರುತ್ತದೆ. ದೇವರನ್ನು ಕೇಳುವ ಕಮ್ಯೂನ್ ಸ್ಪೆಲ್‌ನಿಂದ ಹೌದು-ಇಲ್ಲ ಎಂಬ ಮೂರು ಉತ್ತರ ಪಡೆಯಬಹುದು. ಎಬೆರಾನ್‌ನಲ್ಲಿ ದೇವರು ಕಣ್ಣೆದುರು ಬರುವುದಿಲ್ಲ, ಅಷ್ಟು ಮೇಲಿನ ಲೆವೆಲ್‌ನ ಪುರೋಹಿತರೂ ವಿರಳ, ಹಾಗಾಗಿ ಈವರೆಗೆ ಯಾರೂ ಕೇಳಿ ತಿಳಿದಿಲ್ಲ ಎನ್ನಲು ಲೋಕವೇ ಆಧಾರ ಕೊಡುತ್ತದೆ. ಆದರೂ ಕ್ಯಾಂಪೇನ್ 9ನೇ ಲೆವೆಲ್ ತಲುಪುವ ಮುಂಚೆ ‘ಯಾರು’ ಎಂಬುದು ಬಯಲಾಗಿ, ‘ಈಗ ಏನು ಮಾಡುವುದು’ ಎಂಬುದು ಶುರುವಾಗಿದ್ದರೆ ನೆಮ್ಮದಿ.

ಗಾಯದ ನಿಯಮದಲ್ಲೂ ಎಚ್ಚರ ಬೇಕು. 2004ರ ಪುಸ್ತಕದಲ್ಲಿ ಸೀಮೆಯೊಳಗೆ ಗಾಯ ತಾನಾಗಿ ಮಾಗುವುದಿಲ್ಲ, ಮಾಗಿಸುವ ಸ್ಪೆಲ್‌ಗಳೂ ನಡೆಯುವುದಿಲ್ಲ. ಭಯಕ್ಕೆ ಇದಕ್ಕಿಂತ ಒಳ್ಳೆಯ ನಿಯಮ ಇಲ್ಲ, ಮೇಲಿನ ಮಾದರಿ ಉತ್ತರಕ್ಕೂ ಸರಿಹೊಂದುತ್ತದೆ. ಆದರೆ 2019ರ ಪುಸ್ತಕ ಬಳಸುವ ಆಟದ ಐದನೇ ಆವೃತ್ತಿ ನಿಂತಿರುವುದೇ ರಾತ್ರಿ ಮಲಗೆದ್ದರೆ (ಲಾಂಗ್ ರೆಸ್ಟ್) ಎಲ್ಲ ಹಿಟ್ ಪಾಯಿಂಟ್, ಅಂದರೆ ಪಾತ್ರದ ಪ್ರಾಣಬಲದ ಅಂಕ, ಮರಳುತ್ತವೆ ಎಂಬುದರ ಮೇಲೆ. ಕಾನ್ಸ್ಟಿಟ್ಯೂಷನ್ (ದೇಹದ ಗಟ್ಟಿತನ) +2 ಇರುವ 3ನೇ ಲೆವೆಲ್ ಫೈಟರ್‌ಗೆ (ಯೋಧನಿಗೆ) ಇರುವುದು 28 ಹಿಟ್ ಪಾಯಿಂಟ್. ಎರಡು ಕಾದಾಟಕ್ಕೆ ಮುಗಿಯಿತು. ಹಳೆಯ ನಿಯಮವನ್ನು ಹಾಗೇ ತಂದರೆ ತಂಡ ಎರಡನೇ ದಿನ ಬೆನ್ನು ತಿರುಗಿಸುತ್ತದೆ, ತಿರುಗಿಸದಿದ್ದರೆ ಸಾಯುತ್ತದೆ. ಲಾಂಗ್ ರೆಸ್ಟ್‌ನಿಂದ ಮಾತ್ರ ಮಾಗುವುದಿಲ್ಲ, ಸ್ಪೆಲ್ ಮತ್ತು ಪೋಷನ್ ನಡೆಯುತ್ತವೆ ಎಂದಿಡಿ. ಗಾಯ ಮಾಗಿಸುವ ಸಾಮಾನ್ಯ ಹೀಲಿಂಗ್ ಪೋಷನ್‌ನಿಂದ 2ಡಿ4+2 (ನಾಲ್ಕು ಮುಖದ ಎರಡು ಡೈಸ್, ಮೇಲೆ 2), ಸರಾಸರಿ 7 ಬರುತ್ತದೆ, ಬೆಲೆ 50 ಚಿನ್ನದ ನಾಣ್ಯ. ಆ ಫೈಟರ್ ಪೂರ್ತಿ ಚೇತರಿಸಿಕೊಳ್ಳಲು ನಾಲ್ಕು ಬಾಟಲಿ. ಸೀಮೆಗೆ ಹೊರಡುವ ಮುಂಚೆ ಎಷ್ಟು ಬಾಟಲಿ, ಎಷ್ಟು ದಿನ ಎಂದು ಆಟಗಾರರು ಲೆಕ್ಕ ಹಾಕತೊಡಗಿದರೆ ನಿಯಮ ಕೆಲಸ ಮಾಡುತ್ತಿದೆ ಎಂದರ್ಥ. ದೈತ್ಯ ವಾರ್‌ಫೋರ್ಜ್ಡ್ ಕೊಲಾಸಸ್‌ನ ಚಾಲೆಂಜ್ ರೇಟಿಂಗ್, ಅಂದರೆ ಶತ್ರುವಿನ ಬಲದ ಅಳತೆ, 25, ಅದನ್ನು ದೂರದಿಂದ ತೋರಿಸಿ ಸಾಕು. ಕೈಗೆ ಸಿಗುವ ಶತ್ರು ಬೇಕೆಂದರೆ ಬರ್ನಿಂಗ್ ಹ್ಯಾಂಡ್ಸ್ ಎಂಬ ಬೆಂಕಿಯ ಸ್ಪೆಲ್‌ನ ಜೀವಂತ ರೂಪ ರೇಟಿಂಗ್ 1ಕ್ಕೇ ಇದೆ.

ಇನ್ನೊಂದು ತಪ್ಪು, ಎಲ್ಲಕ್ಕಿಂತ ಕೆಟ್ಟದ್ದು: ನಾಲ್ಕನೇ ಸೆಷನ್‌ನಲ್ಲೇ ಯಾರೋ ಸರಿಯಾಗಿ ಊಹಿಸಿದರು ಎಂದು ಉತ್ತರವನ್ನು ಬದಲಾಯಿಸುವುದು. ಅವರು ಚೆನ್ನಾಗಿ ಆಡಿದ್ದಕ್ಕೆ ಅದು ಶಿಕ್ಷೆ. ಊಹೆ ಬೇರೆ, ರುಜುವಾತು ಬೇರೆ. ‘ಕ್ಯಾನಿತ್‌ನವರೇ’ ಎಂದು ಖೋರ್ವೇರ್‌ನ ಪ್ರತಿ ಹೋಟೆಲಿನಲ್ಲೂ ಒಬ್ಬ ಹೇಳುತ್ತಿರುತ್ತಾನೆ. ರಾಣಿಯ ಮೊಹರು ಬಿದ್ದ ಅಪ್ಪಣೆಯನ್ನು ಓರ್ಗೆವ್‌ನ ಮುಂದೆ ಇಡುವುದು ಬೇರೆಯೇ ಸೆಷನ್. ದೇಶ ಕಳೆದುಕೊಂಡ ಆ ರಾಜಕುಮಾರ ಅದನ್ನು ಓದಿ ಕೈಯಲ್ಲಿ ಹಿಡಿದು ನಿಂತಾಗ ಆಟಗಾರರು ಬಾಯಿಬಿಡಬೇಕಾಗುತ್ತದೆ.

ಈ ಒಗಟಿನ ಮತ್ತೊಂದು ಲಾಭ ಕೊಳ್ಳುವ ಮುಂಚೆ ತಿಳಿದಿರಬೇಕಾದದ್ದು. ಮೇಜಿನಲ್ಲಿ ಎಬೆರಾನ್‌ನ ಎಲ್ಲ ಪುಸ್ತಕ ಓದಿದವರು ಕೂತಿದ್ದರೂ ಉತ್ತರ ಅವರಿಗೆ ಗೊತ್ತಿರಲು ಸಾಧ್ಯವಿಲ್ಲ. ಅವರ ಓದು ನಿಮಗೇ ಅನುಕೂಲ: ಮೇಕಿಂಗ್ ಎಂದರೇನು, ಡ್ಯಾನೆಲ್ ಯಾರು ಎಂದು ಅವರೇ ಉಳಿದವರಿಗೆ ಹೇಳುತ್ತಾರೆ.

ಸೂತಕದ ಕ್ಯಾಂಪೇನ್ ಮಾತ್ರ ಗುರಿಯಾಗಿ, ಆರ್ಟಿಫಿಸರ್‌ನಂಥ ನಿಯಮಭಾಗ ಬೇಡವೆಂದರೆ, ಮೊದಲು 2004ರ ಮೂಲ ಪುಸ್ತಕದ ಪಿಡಿಎಫ್ ಅನ್ನು ಡಿಎಮ್ಸ್ ಗಿಲ್ಡ್ ಎಂಬ ಮಾರಾಟದ ಜಾಲತಾಣದಲ್ಲಿ ನೋಡಿ. ನಿಯಮ ಹಳೆಯ 3.5 ಆವೃತ್ತಿಯದು, ಆದರೆ ಲೋಕದ ವಿವರ ಹಾಗೇ ಉಪಯೋಗಕ್ಕೆ ಬರುತ್ತದೆ. ಆಟಗಾರರು ವಾರ್‌ಫೋರ್ಜ್ಡ್ ಆಗಬೇಕು, ಶಾರ್ನ್‌ನಲ್ಲಿ ಶುರುಮಾಡಬೇಕು ಎಂದಿದ್ದರೆ 2019ರ ಪುಸ್ತಕ ಬೇಕೇ ಬೇಕು. 2024ರ ಹೊಸ ನಿಯಮದಲ್ಲಿ ಆಡುವ ಮೇಜಿಗೆ ಇದರ ಆರ್ಟಿಫಿಸರ್ ಹಳೆಯ ನಿಯಮಕ್ಕೆ ಬರೆದದ್ದು ಎಂಬುದು ನೆನಪಿರಲಿ. ಭೂಗೋಳಕ್ಕೂ ಶಾರ್ನ್‌ಗೂ ಸೀಮೆಗೂ ಅದರಿಂದ ಏನೂ ಆಗುವುದಿಲ್ಲ. ಡಿಜಿಟಲ್ ಪ್ರತಿಯಲ್ಲಿ ಹುಡುಕುವ ಸೌಲಭ್ಯ ಇರುವುದರಿಂದ ಮೂರು ಅಧ್ಯಾಯಕ್ಕೆ ಹಂಚಿಹೋದ ಸೀಮೆಯ ಮಾಹಿತಿಯನ್ನು ಒಂದೆಡೆ ಸೇರಿಸಿಕೊಳ್ಳುವುದು ಸುಲಭ. ಮುದ್ರಿತ ಪ್ರತಿ ಕೊಂಡವರು ಆ ಪುಟಗಳಿಗೆ ಬಣ್ಣದ ಚೀಟಿ ಅಂಟಿಸಿಕೊಳ್ಳಿ, ಸೆಷನ್ ನಡುವೆ ಹುಡುಕುತ್ತ ಕೂತರೆ ಮಂಜಿನ ಭಯ ಅಲ್ಲೇ ಆರಿಹೋಗುತ್ತದೆ.