ಹೆಗಲಿಗೆ ಬ್ಯಾಗ್, ಕೈಗೆ ಟ್ರಾಲಿ, ಕೂರೋಕೆ ಕಾರ್ಟ್: ಒಂದೇ ಮೈದಾನದಲ್ಲಿ ಮೂರು ದಿನ

ನನ್ನ ಮಾವ ಇರುವುದು ಗಾಲ್ಫ್ ಮೈದಾನ ಇರುವ ಒಂದು ಕಂಟ್ರಿ ಕ್ಲಬ್‌ನ ಒಳಗಿನ ಮನೆಯಲ್ಲಿ. ಹಿಂದಿನ ಬಾಗಿಲು ತೆಗೆದರೆ 14ನೇ ಹೋಲ್‌ನ ಫೇರ್‌ವೇ, ಅಂದರೆ ಚೆಂಡನ್ನು 14ನೇ ಗುಳಿಯ ಕಡೆ ಹೊಡೆದುಕೊಂಡು ಹೋಗುವ ಕತ್ತರಿಸಿದ ಹುಲ್ಲಿನ ಹಾದಿ. ಹೋದ ಸಲ ರಜೆ ಹಾಕಿ ಅಲ್ಲಿ ಹತ್ತು ದಿನ ಇದ್ದೆ. ಟೂರ್ನಮೆಂಟ್ ಇಲ್ಲ, ಯಾರ ಮೇಲೂ ಪಂದ್ಯ ಇಲ್ಲ. ಆರಾಮಾಗಿ ಆಡಿ ಮನೆಗೆ ಬಂದು ಕಾಲು ಚಾಚಿ ಕೂರುವುದಷ್ಟೇ ಆಸೆ. ಆದರೆ ಮೈದಾನ ಸುತ್ತುವುದು ಹೇಗೆ ಅನ್ನುವ ವಿಷಯಕ್ಕೆ ನಮ್ಮಿಬ್ಬರಿಗೂ ದಿನಾ ಚರ್ಚೆ. ಮಾವ ಕಾರ್ಟ್ ಪರ, ನಾನು ನಡಿಗೆ ಪರ. ಕೊನೆಗೆ ಬ್ಯಾಗ್ ಹೊತ್ತು, ಟ್ರಾಲಿ ತಳ್ಳಿ, ಕಾರ್ಟ್‌ನಲ್ಲಿ ಕೂತು, ಹೀಗೆ ಮೂರೂ ಥರ ಆಡಿಯೇ ನೋಡೋಣ ಅಂತ ತೀರ್ಮಾನ ಮಾಡಿದೆವು. ಅದೇ 18 ಹೋಲ್, ಅದೇ ನಡುವಿನ ಟೀ (ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗ), ಬೆಳಗ್ಗೆ ಅದೇ ಹೊತ್ತು.

ಮನೆಗಳ ನಡುವೆ ಇರುವ ಮೈದಾನದ ಗುಣ ಮೊದಲು ಹೇಳಬೇಕು, ಯಾಕಂದರೆ ಇಡೀ ಹೋಲಿಕೆ ಅದರ ಮೇಲೇ ನಿಂತಿದೆ. ಹಳೇ ಕಾಲದ ಮೈದಾನಗಳಲ್ಲಿ ಒಂದು ಗ್ರೀನ್‌ನಿಂದ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ನಾಲ್ಕು ಹೆಜ್ಜೆ ಇಟ್ಟರೆ ಮುಂದಿನ ಟೀ ಸಿಗುತ್ತದೆ. ಇಲ್ಲಿ ಹಾಗಲ್ಲ. ಜಾಸ್ತಿ ಮನೆಗಳಿಗೆ ಫೇರ್‌ವೇ ಕಾಣಬೇಕು ಅಂತ ಹೋಲ್‌ಗಳನ್ನು ಉದ್ದಕ್ಕೆ ಹಗ್ಗದ ಹಾಗೆ ಎಳೆದಿರುತ್ತಾರೆ. ಒಂದು ಹೋಲ್ ಮುಗಿದ ಮೇಲೆ ರಸ್ತೆ ದಾಟಿ, ಹತ್ತು ಮನೆಗಳ ಹಿಂದೆ ಹಾದು, ಆಮೇಲೆ ಮುಂದಿನ ಟೀ. ಆರನೇ ಗ್ರೀನ್‌ನಿಂದ ಏಳನೇ ಟೀಗೆ ಹೆಜ್ಜೆ ಎಣಿಸಿದೆ: 410. ಆ 410 ಹೆಜ್ಜೆಯಲ್ಲಿ ಆಟ ಏನೂ ಇಲ್ಲ, ಬರೀ ನಡಿಗೆ.

ಮೊದಲ ದಿನ ಬ್ಯಾಗ್ ಹೆಗಲಿಗೆ ಹಾಕಿಕೊಂಡೆ. ನಿಯಮದ ಪ್ರಕಾರ ಚೆಂಡು ಹೊಡೆಯುವ 14 ಸ್ಟಿಕ್‌ಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ನಾನು 14ನ್ನೂ ತುಂಬಿಕೊಂಡಿದ್ದೆ. ಒಂದು ಡಜನ್ ಚೆಂಡು, ಒಂದೂವರೆ ಲೀಟರ್ ನೀರು, ಕೊಡೆ, ಮಳೆ ಕೋಟು. ಮನೆಯ ತಕ್ಕಡಿಯಲ್ಲಿ ತೂಗಿದರೆ 11 ಕಿಲೋ. ಒಂದು ಚೆಂಡು 45.93 ಗ್ರಾಂ ಮೀರುವಂತಿಲ್ಲ ಅಂತ ನಿಯಮ ಇದೆ. ಒಂದೊಂದಾಗಿ ಕೈಗೆ ತೆಗೆದುಕೊಂಡರೆ ಅದು ಏನೂ ಅಲ್ಲ, ಹನ್ನೆರಡು ಸೇರಿದರೆ ಅರ್ಧ ಕಿಲೋ ದಾಟುತ್ತದೆ.

ಮೊದಲ ಆರು ಹೋಲ್ ನಿಜವಾಗಿಯೂ ಸುಖ. ಇಬ್ಬನಿ ಆರಿರಲಿಲ್ಲ. ಚೆಂಡು ಎಲ್ಲಿ ಬಿತ್ತೋ ಅಲ್ಲಿಗೆ ನೇರ ನಡೆದೆ. ದಾರಿ ಹುಡುಕುವುದಿಲ್ಲ, ಏನನ್ನೂ ನಿಲ್ಲಿಸಿ ಬರುವುದಿಲ್ಲ. ನಡೆಯುವಾಗಲೇ ಮುಂದಿನ ಹೊಡೆತ ಮನಸ್ಸಿನಲ್ಲಿ ತಯಾರಾಗುತ್ತದೆ. ಗಾಳಿ ಯಾವ ಕಡೆ, ನೆಲ ಎಷ್ಟು ಮೆತ್ತಗಿದೆ ಅನ್ನುವುದು ಕಾಲಿಗೇ ತಿಳಿಯುತ್ತದೆ. ಚೆಂಡಿನ ಹತ್ತಿರ ಹೋಗುವ ಹೊತ್ತಿಗೆ ಯಾವ ಸ್ಟಿಕ್ ಬೇಕು ಅನ್ನುವುದು ಗೊತ್ತಾಗಿರುತ್ತದೆ.

11ನೇ ಹೋಲ್ ಹೊತ್ತಿಗೆ ಎಡ ಹೆಗಲು ಉರಿಯಲು ಶುರುವಾಯಿತು. ಎರಡು ಪಟ್ಟಿ ಇರುವ ಬ್ಯಾಗ್ ಆದರೂ ಒಂದು ಪಟ್ಟಿ ಕತ್ತಿನ ಬುಡಕ್ಕೆ ಜಾರಿ ಒತ್ತುತ್ತಿತ್ತು. 15ರಲ್ಲಿ ಏರು. ಬ್ಯಾಗ್ ಇಳಿಸಿ ಹೊಡೆದೆ, ಸ್ವಿಂಗ್ ಅವಸರವಾಯಿತು. ಚೆಂಡು ಬಲಕ್ಕೆ ತಿರುಗಿ ಮೈದಾನದ ಗಡಿಯ ಬಿಳಿ ಗೂಟ ದಾಟಿ ಒಬ್ಬರ ಹಿತ್ತಲಿಗೆ ಹೋಯಿತು. ದಣಿದ ಮೈ ಬೇಗ ಮುಗಿಸಿಬಿಡೋಣ ಅನ್ನುತ್ತದೆ, ಕೈ ಅದರ ಮಾತು ಕೇಳುತ್ತದೆ. ಆ ದಿನ ಕೈಗಡಿಯಾರದಲ್ಲಿ 9.4 ಕಿಲೋಮೀಟರ್ ತೋರಿಸಿತು. ಸಂಜೆ ನಿದ್ದೆ ಚೆನ್ನಾಗಿ ಬಂತು, ಆದರೆ ಅದನ್ನು ಆರಾಮದ ದಿನ ಅನ್ನಲು ಮನಸ್ಸು ಬರಲಿಲ್ಲ.

ಎರಡು ದಿನ ಬಿಟ್ಟು ಇದನ್ನೇ ಇನ್ನೊಮ್ಮೆ ಮಾಡಿದೆ, ಬರೀ ಒಂಬತ್ತು ಹೋಲ್‌ಗೆ. ಈ ಸಲ ಎಂಟೇ ಸ್ಟಿಕ್: ಡ್ರೈವರ್, ಒಂದು ಹೈಬ್ರಿಡ್, 6, 7, 8, 9 ಐರನ್‌ಗಳು, ಒಂದು ವೆಜ್, ಪಟರ್. ಮೂರು ಚೆಂಡು, ಅರ್ಧ ಲೀಟರ್ ನೀರು. ತೂಕ 6 ಕಿಲೋ ಚಿಲ್ಲರೆಗೆ ಇಳಿಯಿತು. ಅದು ಬೇರೆಯೇ ಆಟ. ಬೇಕಾದ ದೂರಕ್ಕೆ ಸರಿಯಾದ ಸ್ಟಿಕ್ ಇಲ್ಲದಿದ್ದಾಗ 7 ಐರನ್ ಅನ್ನು ಅರ್ಧ ಹೊಡೆತದಲ್ಲಿ ಆಡಿದೆ. ಹಾಗೆ ಆಡಿದ ಮೂರು ಹೊಡೆತಗಳು ಆ ವಾರದ ನನ್ನ ಅತ್ಯುತ್ತಮ ಹೊಡೆತಗಳು. ಹೆಗಲಿಗೆ ಹಾಕಿಕೊಂಡು ನಡೆಯುವ ಇಷ್ಟ ಇರುವವರು ದಯವಿಟ್ಟು ಬ್ಯಾಗ್ ಖಾಲಿ ಮಾಡಿ ಹೊರಡಿ.

ಮೂರನೇ ಸುತ್ತಿಗೆ ಟ್ರಾಲಿ. ಮೂರು ಚಕ್ರದ್ದು, ಮುಂದಕ್ಕೆ ತಳ್ಳುವಂಥದ್ದು. ಎರಡು ಚಕ್ರದ, ಹಿಂದೆ ಎಳೆದುಕೊಂಡು ಹೋಗುವ ಟ್ರಾಲಿಯೂ ಅಲ್ಲಿತ್ತು. ಎರಡು ಹೋಲ್ ಎಳೆದು ನೋಡಿದೆ. ಒಂದು ಕೈ ಹಿಂದಕ್ಕೆ ತಿರುಗಿಯೇ ಇರುತ್ತದೆ, ಭುಜ ಬಿಗಿಯುತ್ತದೆ. ತಳ್ಳುವುದರಲ್ಲಿ ಆ ಕಷ್ಟವಿಲ್ಲ. ಸಪಾಟು ನೆಲದಲ್ಲಿ ಒಂದು ಬೆರಳಿಟ್ಟರೆ ಸಾಕು, ತಾನೇ ಉರುಳುತ್ತದೆ.

ಅದೇ 11 ಕಿಲೋ ಬ್ಯಾಗ್, ಅದೇ 14 ಸ್ಟಿಕ್. ಆದರೆ ಬೆನ್ನು ಖಾಲಿ. 15ನೇ ಹೋಲ್‌ನ ಏರಿನಲ್ಲಿ ತಳ್ಳುವಾಗ ತೊಡೆಗೆ ಕೆಲಸ ಆಯಿತು, ಹೆಗಲಿಗೆ ಆಗಲಿಲ್ಲ. ಮೊನ್ನೆ ಹಿತ್ತಲಿಗೆ ಹೋದ ಹೊಡೆತ ಆವತ್ತು ಫೇರ್‌ವೇಯಲ್ಲೇ ನಿಂತಿತು. ಒಂದು ಹೊಡೆತದಿಂದ ಎಲ್ಲ ಸಾಬೀತಾಗುವುದಿಲ್ಲ ನಿಜ. ಆದರೆ ಕೊನೆಯ ಆರು ಹೋಲ್‌ಗಳಲ್ಲಿ ನಾನು ಮೊದಲ ದಿನಕ್ಕಿಂತ ಐದು ಹೊಡೆತ ಕಡಿಮೆ ಆಡಿದೆ, ಮತ್ತು ಅವಸರ ಅನ್ನುವುದು ಒಮ್ಮೆಯೂ ಮೈಗೆ ಬರಲಿಲ್ಲ.

ಟ್ರಾಲಿಗೂ ಅದರದೇ ತಕರಾರುಗಳಿವೆ. ಇಳಿಜಾರಿನಲ್ಲಿ ಬ್ರೇಕ್ ಹಾಕಲೇಬೇಕು. ನಾಲ್ಕನೇ ಗ್ರೀನ್ ಪಕ್ಕ ನಾನು ಮರೆತೆ. ಪಟ್ ಮಾಡಲು (ಗ್ರೀನ್ ಮೇಲೆ ಚೆಂಡನ್ನು ಗುಳಿಗೆ ಉರುಳಿಸಲು) ಬಾಗಿದ್ದೆ, ಹಿಂದೆ ಸರ್ ಅಂತ ಸದ್ದು. ತಿರುಗಿ ನೋಡಿದರೆ ಟ್ರಾಲಿ ಮರಳು ತುಂಬಿದ ಬಂಕರ್ ಕಡೆ ಓಡುತ್ತಿತ್ತು. ಮರಳಿಗೆ ಬಿದ್ದು ಸ್ಟಿಕ್‌ಗಳೆಲ್ಲ ಚೆಲ್ಲಾಪಿಲ್ಲಿ. ಒಂದೊಂದನ್ನೇ ಒರೆಸಿ, ಮರಳನ್ನು ಕುಂಟೆಯಿಂದ ಸರಿ ಮಾಡಿ ಬರುವಷ್ಟರಲ್ಲಿ ಹಿಂದಿನ ಗುಂಪು ಬಂದು ಕಾಯುತ್ತಿತ್ತು. ಅವರಿಗೆ ಕೈ ಮಾಡಿ ಮುಂದೆ ಬಿಟ್ಟೆ. ಮಳೆ ಬಂದ ಮಾರನೇ ದಿನ ಚಕ್ರಕ್ಕೆ ಮಣ್ಣು ಮೆತ್ತಿಕೊಳ್ಳುತ್ತದೆ. ಮೆಟ್ಟಿಲು ಬಂದರೆ ಎತ್ತಬೇಕು. ಗ್ರೀನ್‌ಗೆ ಹೋಗುವ ಮೊದಲು ಟ್ರಾಲಿಯನ್ನು ಮುಂದಿನ ಟೀ ಇರುವ ಪಕ್ಕದಲ್ಲಿ ನಿಲ್ಲಿಸುವ ಅಭ್ಯಾಸ ಮಾಡಿಕೊಳ್ಳಿ. ಇಲ್ಲದಿದ್ದರೆ ಪಟ್ ಮುಗಿದ ಮೇಲೆ ಹಿಂದಕ್ಕೆ ಹೋಗಿ ತರಬೇಕು, ಹಿಂದಿನವರಿಗೆ ತೊಂದರೆ.

ಕಾರ್ಟ್ ಸರದಿ ಮಾವನ ಜೊತೆ. ಅವರಿಗೆ ಮಂಡಿ ನೋವು. ನಡೆದು 18 ಹೋಲ್ ಆಡುವುದು ಅವರಿಂದ ಆಗುವುದಿಲ್ಲ. ಕಾರ್ಟ್ ಇಲ್ಲದಿದ್ದರೆ ಅವರ ಪಾಲಿಗೆ ಗಾಲ್ಫೇ ಇಲ್ಲ. ಕಾರ್ಟ್‌ನಲ್ಲಿ ಆಡುವುದು ಆಟವೇ ಅಲ್ಲ ಅನ್ನುವ ಮಾತು ನಾನೂ ಕೇಳಿದ್ದೇನೆ, ಒಪ್ಪುವುದಿಲ್ಲ. ಕಾಲಿನ ಕಾಯಿಲೆ ಇದ್ದ ಕೇಸಿ ಮಾರ್ಟಿನ್ ಅನ್ನುವ ವೃತ್ತಿಪರ ಆಟಗಾರ ಕಾರ್ಟ್‌ಗಾಗಿ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋದರು. 2001ರಲ್ಲಿ ತೀರ್ಪು ಅವರ ಪರ ಬಂತು. ಕಾರ್ಟ್ ಬಳಸಿದರೆ ಆಟದ ಮೂಲ ಸ್ವರೂಪ ಬದಲಾಗುವುದಿಲ್ಲ ಅಂತ ಕೋರ್ಟ್ ಹೇಳಿತು. ಸ್ಟಿಕ್ ಹಿಡಿದು ಚೆಂಡನ್ನು ಗುಳಿಗೆ ಸೇರಿಸುವುದು ಆಟ. ಮಾವ ಅದನ್ನು ನನಗಿಂತ ಚೆನ್ನಾಗಿ ಮಾಡುತ್ತಾರೆ.

ಕಾರ್ಟ್‌ನ ದೊಡ್ಡ ಲಾಭ ಆ 410 ಹೆಜ್ಜೆಯಲ್ಲಿ ಕಾಣಿಸಿತು. ಮನೆಗಳ ಹಿಂದಿನ ಖಾಲಿ ದಾರಿ ಎರಡು ನಿಮಿಷದಲ್ಲಿ ಮುಗಿಯಿತು. ತಲೆ ಮೇಲೆ ನೆರಳು, ಪಕ್ಕದಲ್ಲೇ ನೀರು. ಮಾತಾಡಲು ಜನ ಪಕ್ಕದಲ್ಲೇ. ಮಾವ ಆವತ್ತು ಹೇಳಿದಷ್ಟು ಹಳೇ ಕಥೆಗಳನ್ನು ನಾನು ಮನೆಯಲ್ಲಿ ಹತ್ತು ವರ್ಷದಲ್ಲಿ ಕೇಳಿರಲಿಲ್ಲ.

ಫೇರ್‌ವೇ ಒಳಗೆ ಮಾತ್ರ ಕಥೆ ಬೇರೆ. ಹುಲ್ಲು ಒದ್ದೆ ಇರುವ ದಿನ ಕಾರ್ಟ್ ದಾರಿ ಬಿಟ್ಟು ಇಳಿಯುವಂತಿಲ್ಲ. ಒಣಗಿದ ದಿನವೂ ಬಹಳ ಕಡೆ 90 ಡಿಗ್ರಿ ನಿಯಮ ಇರುತ್ತದೆ: ಚೆಂಡಿನ ಸಮಕ್ಕೆ ಬರುವ ತನಕ ದಾರಿಯಲ್ಲೇ ಹೋಗಿ, ಅಲ್ಲಿಂದ ನೇರ ಅಡ್ಡಕ್ಕೆ ತಿರುಗಿ, ಹೊಡೆದು ವಾಪಸ್ ದಾರಿಗೆ ಬರಬೇಕು. ಮಾವನ ಚೆಂಡು ಎಡಕ್ಕೆ, ನನ್ನದು ಬಲಕ್ಕೆ. ಒಬ್ಬರು ಹೊಡೆಯುವ ತನಕ ಇನ್ನೊಬ್ಬರು ಕೂತಿರಬೇಕು. ಒಮ್ಮೆ ನಾನು ಒಂದೇ ಸ್ಟಿಕ್ ಹಿಡಿದು ಫೇರ್‌ವೇ ದಾಟಿ ಹೋದೆ. ಚೆಂಡು ಉದ್ದ ಹುಲ್ಲಿನಲ್ಲಿ ಕೂತಿತ್ತು, ಕೈಯಲ್ಲಿದ್ದುದು ಅದಕ್ಕೆ ಆಗುವ ಸ್ಟಿಕ್ ಅಲ್ಲ. ಮತ್ತೆ ಅಷ್ಟು ದೂರ ವಾಪಸ್. "ಯಾವಾಗಲೂ ಮೂರು ಹಿಡ್ಕೊಂಡು ಹೋಗಪ್ಪ" ಅಂದರು ಮಾವ. ಅಲ್ಲಿಂದ ಹಾಗೇ ಮಾಡಿದೆ, ನೀವೂ ಮಾಡಿ.

ಸಮಯ ತುಂಬಾ ಉಳಿಯುತ್ತದೆ ಅಂದುಕೊಂಡಿದ್ದೆ. ಟ್ರಾಲಿಯಲ್ಲಿ 4 ಗಂಟೆ 10 ನಿಮಿಷ, ಕಾರ್ಟ್‌ನಲ್ಲಿ 3 ಗಂಟೆ 55 ನಿಮಿಷ. ಹದಿನೈದೇ ನಿಮಿಷದ ವ್ಯತ್ಯಾಸ. ಮುಂದಿನ ಗುಂಪು ಎಷ್ಟು ಬೇಗ ಹೋಗುತ್ತದೋ ನಮ್ಮದೂ ಅಷ್ಟೇ ಅಲ್ವಾ. ನನಗೆ ಹೆಚ್ಚು ಕೊರತೆ ಅನಿಸಿದ್ದು ಮೈ ಆರಿಹೋಗುವುದು. ಕೂತು, ಎದ್ದು, ತಕ್ಷಣ ಹೊಡೆಯಬೇಕು. ಮೊದಲ ನಾಲ್ಕು ಹೋಲ್ ಸೊಂಟ ತಿರುಗಲೇ ಇಲ್ಲ. ಮಾವ ಪ್ರತಿ ಟೀಯಲ್ಲೂ ಒಂದು ನಿಮಿಷ ಮೊದಲೇ ಇಳಿದು ಕೈ ಬೀಸಿ ನಿಲ್ಲುತ್ತಿದ್ದರು. ಅದರ ಕಾರಣ ಐದನೇ ಹೋಲ್‌ನಲ್ಲಿ ಅರ್ಥವಾಯಿತು.

ಇದರ ಜೊತೆಗೆ ಲೆಕ್ಕ ಇಡುವ ವಿಧಾನವನ್ನೂ ಬದಲಾಯಿಸಿ ನೋಡಿದೆವು. ಮೊದಲ ದಿನ ಪ್ರತಿ ಹೊಡೆತ ಎಣಿಸಿದ್ದೆ. ಹಿತ್ತಲಿಗೆ ಹೋದ ಆ ಚೆಂಡಿಗೆ ಒಂದು ಹೊಡೆತ ದಂಡ, ಅದೂ ಸಾಲದೆ ಹೊಡೆದ ಜಾಗಕ್ಕೇ ವಾಪಸ್ ಹೋಗಿ ಮತ್ತೆ ಆಡಬೇಕಾಯಿತು. ಆ ಒಂದು ಹೋಲ್ ಇಡೀ ಬೆಳಗಿನ ಮೇಲೆ ನೆರಳು ಹಾಕಿತು. ಉಳಿದ ದಿನ ಸ್ಟೇಬಲ್‌ಫರ್ಡ್ ಆಡಿದೆವು. ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫರ್ಡ್ ಅನ್ನುವವರು ರೂಪಿಸಿದ ಪದ್ಧತಿ ಅದು, 1932ರಲ್ಲಿ ಇಂಗ್ಲೆಂಡಿನ ವಾಲಸಿ ಕ್ಲಬ್‌ನಲ್ಲಿ ಸ್ಪರ್ಧೆಗೆ ಬಂತು. ಪಾರ್‌ಗೆ, ಅಂದರೆ ಆ ಹೋಲ್‌ಗೆ ನಿಗದಿಯಾದಷ್ಟೇ ಹೊಡೆತಗಳಲ್ಲಿ ಮುಗಿಸಿದರೆ 2 ಅಂಕ, ಒಂದು ಕಡಿಮೆ ಹೊಡೆದರೆ 3, ಒಂದು ಹೆಚ್ಚಾದರೆ 1. ಅದಕ್ಕಿಂತ ಹೆಚ್ಚಾದರೆ ಸೊನ್ನೆ, ಅಷ್ಟೇ. ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ನೋಡಿ ಕೊಡುವ ಹೆಚ್ಚುವರಿ ಹೊಡೆತ) ಇದ್ದರೆ ಅದನ್ನು ಕಳೆದು ಲೆಕ್ಕ. ಹೋಲ್ ಕೆಟ್ಟರೆ ಚೆಂಡು ಎತ್ತಿ ಜೇಬಿಗೆ ಹಾಕಿ ಮುಂದೆ ಹೋಗಬಹುದು. ಆರಾಮದ ದಿನಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಕಾಣಲಿಲ್ಲ.

ಎರಡೂ ಕಡೆ ಮನೆ ಇರುವ ಮೈದಾನದಲ್ಲಿ ಆಡುವವರು ಸ್ಕೋರ್ ಕಾರ್ಡ್ ಹಿಂಬದಿ ಒಮ್ಮೆ ಓದಿ. 2019ರ ನಿಯಮಗಳ ಜೊತೆ ಒಂದು ಸ್ಥಳೀಯ ನಿಯಮಕ್ಕೆ ಅವಕಾಶ ಬಂದಿದೆ. ಕ್ಲಬ್ ಅದನ್ನು ಜಾರಿಗೆ ತಂದಿದ್ದರೆ, ಚೆಂಡು ಬಿಳಿ ಗೂಟ ದಾಟಿದಾಗ ಹಿಂದಕ್ಕೆ ಹೋಗುವ ಬದಲು ಎರಡು ಹೊಡೆತ ದಂಡ ತೆತ್ತು ಮುಂದೆಯೇ, ಫೇರ್‌ವೇ ಅಂಚಿನ ಹತ್ತಿರ ಚೆಂಡು ಬಿಡಬಹುದು. ಚೆಂಡು ಹುಡುಕಲು ಸಿಗುವುದು ಮೂರೇ ನಿಮಿಷ, ಮೊದಲು ಐದು ಇತ್ತು. ಚೆಂಡು ಮನೆಗಳ ಕಡೆ ತಿರುಗಿತು ಅಂದ ತಕ್ಷಣ ಎಚ್ಚರಿಸಲು "ಫೋರ್" ಅಂತ ಗಟ್ಟಿಯಾಗಿ ಕೂಗಿ, ಸಂಕೋಚ ಬೇಡ. ಹಿತ್ತಲಿಗೆ ಹೋದ ಚೆಂಡು ಹೋಯಿತು ಅಂದುಕೊಳ್ಳಿ. ಮಾವನ ಹಿತ್ತಲಲ್ಲಿ ಒಂದು ಬಕೆಟ್ ತುಂಬ ಚೆಂಡು ಇದೆ. ಅವರು ಬೇಸರ ಮಾಡಿಕೊಳ್ಳುವುದು ಚೆಂಡಿಗಲ್ಲ, ಹೂವಿನ ಮಡಿ ತುಳಿದು ಬರುವವರಿಗೆ.

ನನಗೆ ಟ್ರಾಲಿಯೇ ಇಷ್ಟ ಆಯಿತು. ನಡಿಗೆಯ ಲಾಭ ಅಷ್ಟೂ ಸಿಗುತ್ತದೆ, ಹೆಗಲಿನ ಭಾರ ಇರುವುದಿಲ್ಲ. ಸಂಜೆ ಸುಮ್ನೆ ಒಂಬತ್ತು ಹೋಲ್ ಆಡಲು ಎಂಟು ಸ್ಟಿಕ್‌ನ ಹಗುರ ಬ್ಯಾಗ್ ಸಾಕು. 11 ಕಿಲೋ ಹೊತ್ತು 18 ಹೋಲ್ ಮಾತ್ರ ನಾನು ಇನ್ನು ಮಾಡುವುದಿಲ್ಲ. ಮಂಡಿ, ಬೆನ್ನು ತೊಂದರೆ ಇರುವವರಿಗೆ, ಜೋರು ಬಿಸಿಲಿಗೆ, ಹೋಲ್‌ಗಳ ನಡುವೆ ದೂರ ತುಂಬ ಇರುವ ಮೈದಾನಕ್ಕೆ ಕಾರ್ಟ್ ಸರಿ.

ರಜೆಯ ಕೊನೆಯ ಬೆಳಗ್ಗೆ ಎರಡನ್ನೂ ಸೇರಿಸಿದೆವು. ಮಾವ ಕಾರ್ಟ್‌ನಲ್ಲಿ, ನಾನು ಟ್ರಾಲಿ ತಳ್ಳಿಕೊಂಡು. ಆರನೇ ಗ್ರೀನ್ ಮುಗಿದ ಮೇಲೆ ಟ್ರಾಲಿ ಮಡಚಿ ಕಾರ್ಟ್ ಹಿಂದೆ ಕಟ್ಟಿ, ಏಳನೇ ಟೀ ತನಕ ಅವರ ಪಕ್ಕ ಕೂತೆ. ಅಲ್ಲಿ ಇಳಿದು ಮತ್ತೆ ನಡಿಗೆ. ಹೀಗೆ ದೂರದ ದಾರಿ ಬಂದ ಕಡೆಯೆಲ್ಲ ಹತ್ತಿಸಿಕೊಂಡರು. 14ನೇ ಹೋಲ್‌ನಲ್ಲಿ ಅತ್ತೆ ಹಿಂಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದರು. ಮಾವ ಕಾರ್ಟ್ ನಿಲ್ಲಿಸಿ, ನಾನು ಗ್ರೀನ್ ಮೇಲೆ ಚೆಂಡು ಬಿದ್ದು ಆದ ತಗ್ಗನ್ನು ಸರಿ ಮಾಡಿ ಬರುವ ತನಕ ಕಾದು, ಆಮೇಲೆ ತಮ್ಮ ಪಟ್ ಹೊಡೆದರು. ಹತ್ತು ಅಡಿಯಿಂದ, ನೇರ ಒಳಗೆ.