ಹುಲ್ಲುಹಾಸಿಗೆ ಬೀಜ: ವಸಂತದಲ್ಲೋ, ಬೇಸಿಗೆಯ ಕೊನೆಯಲ್ಲೋ, ನೆಲ ಹೆಪ್ಪುಗಟ್ಟುವ ಮುನ್ನವೋ?

ಬೇಸಿಗೆಯ ಕೊನೆಯಲ್ಲಿ ಬಿತ್ತಿ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ಕಡೆಗಳಲ್ಲಿ ಹುಲ್ಲುಹಾಸಿನ ಬೋಳು ಜಾಗಗಳನ್ನು ತುಂಬಿಸಲು ಮೂರು ಕಾಲಗಳನ್ನು ಹೇಳುತ್ತಾರೆ: ಹಿಮ ಕರಗಿದ ಕೂಡಲೇ, ಬೇಸಿಗೆ ಮುಗಿಯುವಾಗ, ಇಲ್ಲವೇ ನೆಲ ಗಟ್ಟಿಯಾಗುವ ಮುನ್ನಿನ ಕೊನೆಯ ವಾರಗಳಲ್ಲಿ. ಕೆಂಟಕಿ ಬ್ಲೂಗ್ರಾಸ್ ಮತ್ತು ಪೆರೆನಿಯಲ್ ರೈಗ್ರಾಸ್ ಬೆರೆತ ಒಂದೇ ಬಗೆಯ ಬೀಜವನ್ನು ಒಂದೇ ವರ್ಷ ಈ ಮೂರೂ ಕಾಲಗಳಲ್ಲಿ ಬಿತ್ತಿ ನೋಡಿದೆ. ಈಗ ನನ್ನ ಅಂಗಳದಲ್ಲಿ ಒತ್ತಾಗಿ ಬೆಳೆದು ನಿಂತಿರುವುದು ನಡುವಿನ ಕಾಲದ ಹುಲ್ಲು.

ವಸಂತದಲ್ಲಿ ಬಿತ್ತಬೇಕೆನಿಸುವುದು ಸಹಜ. ಹಿಮ ಸರಿದೊಡನೆ ಅಂಗಳದ ಗಾಯಗಳೆಲ್ಲ ಕಣ್ಣಿಗೆ ಬೀಳುತ್ತವೆ: ರಸ್ತೆಯ ಉಪ್ಪಿಗೆ ಸತ್ತ ಅಂಚು, ಹಿಮದಡಿ ಬೂಷ್ಟು ಹಿಡಿದು ಬೂದಾಗಿ ಅಂಟಿಕೊಂಡ ಹುಲ್ಲು. ಬೂಷ್ಟು ಹಿಡಿದ ಕಡೆ ಬೀಜವೇ ಬೇಕಿಲ್ಲ. ಮೆಲ್ಲಗೆ ಕೆದರಿ ಗಾಳಿಯಾಡಲು ಬಿಟ್ಟರೆ ಬಹುಪಾಲು ತಾನೇ ಚಿಗುರುತ್ತದೆ. ನಾನು ಅಷ್ಟು ಕಾಯಲಿಲ್ಲ. ಅಂಗಡಿಯಿಂದ ವಸಂತದ ಗೊಬ್ಬರದ ಚೀಲ ತಂದು ಎಲ್ಲ ಕಡೆ ಎರಚಿದೆ. ಹತ್ತು ದಿನ ಬಿಟ್ಟು ಬೀಜ ಹಾಕಿದೆ.

ರೈಗ್ರಾಸ್ ಐದರಿಂದ ಹತ್ತು ದಿನಗಳಲ್ಲಿ ಮೊಳೆಯಬೇಕು. ಬ್ಲೂಗ್ರಾಸ್‌ಗೆ ಎರಡರಿಂದ ನಾಲ್ಕು ವಾರ ಬೇಕು. ಮೂರು ವಾರ ದಿನಕ್ಕೆ ಮೂರು ಸಲ ನೀರು ಚಿಮುಕಿಸಿದರೂ ಬೋಳು ಬೋಳಾಗಿಯೇ ಉಳಿಯಿತು. ಬೀಜ ಹಳೆಯದಿರಬೇಕೆಂದುಕೊಂಡು ಒದ್ದೆ ಬಟ್ಟೆಯಲ್ಲಿ ಒಂದು ಹಿಡಿ ಸುತ್ತಿಟ್ಟೆ. ವಾರದೊಳಗೆ ಬಿಳಿ ಬೇರು ಬಂತು. ಆಮೇಲೆ ಗೊಬ್ಬರದ ಚೀಲವನ್ನು ತಿರುಗಿಸಿ ಹಿಂಭಾಗ ಓದಿದೆ. ಅದರಲ್ಲಿ ಪ್ರೊಡಿಯಮೈನ್ ಬೆರೆತಿತ್ತು. ಕ್ರ್ಯಾಬ್‌ಗ್ರಾಸ್ ಎಂಬ ಕಳೆ ಹುಟ್ಟದಂತೆ ತಡೆಯುವ ಮದ್ದು ಅದು. ಹಾಕಿದ ಮೇಲೆ ಕೆಲವು ತಿಂಗಳು ಹುಲ್ಲಿನ ಬೀಜ ಬಿತ್ತಬೇಡಿ ಎಂದು ಸಣ್ಣ ಅಕ್ಷರಗಳಲ್ಲಿ ಬರೆದಿತ್ತು.

ಈ ಮದ್ದು ಮಣ್ಣಿನ ಮೇಲ್ಪದರದಲ್ಲಿ ಉಳಿದು, ಮೊಳೆಯುವ ಬೀಜದ ಬೇರಿನಲ್ಲಿ ಕೋಶಗಳು ವಿಭಜನೆಯಾಗದಂತೆ ಮಾಡುತ್ತದೆ. ಕಳೆಯ ಬೀಜ ಯಾವುದು, ನಾವು ಹಣ ಕೊಟ್ಟು ತಂದ ಬೀಜ ಯಾವುದು ಎಂಬುದು ಅದಕ್ಕೆ ತಿಳಿಯದು. ಪೆಂಡಿಮೆಥಾಲಿನ್, ಡೈಥಿಯೋಪಿರ್ ಕೂಡ ಹೀಗೆಯೇ. ಬೀಜದೊಂದಿಗೇ ಬಳಸಬಹುದಾದ ಸಿಡುರಾನ್, ಮೆಸೊಟ್ರಿಯೋನ್‌ನಂಥವೂ ಇವೆ. ಆದರೆ ನಿಮ್ಮ ಹುಲ್ಲಿನ ಹೆಸರು ಲೇಬಲ್‌ನಲ್ಲಿ ಇದೆಯೇ ಎಂದು ನೋಡಿಯೇ ತರಬೇಕು. ಗೊಬ್ಬರದ ಚೀಲವೆಂದರೆ ಗೊಬ್ಬರ ಮಾತ್ರ ಎಂದು ನಂಬಿದ್ದಕ್ಕೆ ಒಂದು ಚೀಲ ಬೀಜ, ಮೂರು ವಾರಗಳ ನೀರು ಹೋಯಿತು. ಆ ಎಚ್ಚರಿಕೆ ಚೀಲದ ಮುಂಭಾಗದಲ್ಲಿ ದೊಡ್ಡದಾಗಿ ಇರಬೇಕಿತ್ತೆಂದು ಈಗಲೂ ಅನ್ನಿಸುತ್ತದೆ.

ಮದ್ದು ಹಾಕದೇ ಬಿತ್ತಿದ್ದರೆ? ಅದಕ್ಕೂ ಉತ್ತರ ಸಿಕ್ಕಿತು. ಹೂವಿನ ಪಾತಿಯ ಪಕ್ಕದ ಒಂದು ಪಟ್ಟಿಗೆ ಗೊಬ್ಬರ ಬಿದ್ದಿರಲಿಲ್ಲ. ಅಲ್ಲಿ ಹುಲ್ಲು ಚೆನ್ನಾಗಿಯೇ ಹುಟ್ಟಿತು. ಮಣ್ಣಿನ ಶಾಖ 13 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಕ್ರ್ಯಾಬ್‌ಗ್ರಾಸ್ ಕೂಡ ಮೊಳೆಯತೊಡಗುತ್ತದೆ. ನಮ್ಮ ಬೀಜಕ್ಕೆ ಹಿತವಾದ ಶಾಖವೂ ಅದೇ. ಎರಡೂ ಜೊತೆಜೊತೆಗೆ ಬೆಳೆದವು. ಬಿರುಬಿಸಿಲು ಬಂದಾಗ ಬೇರು ಇನ್ನೂ ಇಳಿಯದ ಎಳೆ ಹುಲ್ಲು ಒಣಗಿತು, ಬಿಸಿಲನ್ನೇ ಬಯಸುವ ಕಳೆ ಅದರ ಜಾಗದಲ್ಲಿ ಹರಡಿಕೊಂಡಿತು.

ಬೇಸಿಗೆಯ ಕೊನೆಯಲ್ಲಿ ಲೆಕ್ಕವೇ ತಿರುಗುತ್ತದೆ. ಮಣ್ಣಿನಲ್ಲಿ ಬಿಸಿಲಿನ ಕಾವು ಉಳಿದಿರುತ್ತದೆ, ಗಾಳಿ ತಂಪಾಗುತ್ತಿರುತ್ತದೆ. ಕ್ರ್ಯಾಬ್‌ಗ್ರಾಸ್ ಒಂದು ವರ್ಷದ ಕಳೆಯಾದ್ದರಿಂದ ಇಬ್ಬನಿ ಹೆಪ್ಪುಗಟ್ಟತೊಡಗಿದೊಡನೆ ಸಾಯುತ್ತದೆ. ಹೊಸ ಹುಲ್ಲಿಗೆ ಮಾತ್ರ ಮುಂದಿನ ಬಿಸಿಲಿನೊಳಗೆ ಬೇರಿಳಿಸಲು ಶರತ್ಕಾಲವೂ ವಸಂತವೂ ಸಿಗುತ್ತವೆ. ನಾನು ಹುಲ್ಲನ್ನು ಗಿಡ್ಡಗೆ ಕತ್ತರಿಸಿ, ನೆಲ ಕೆದರಿ, ಬೀಜ ಚೆಲ್ಲಿ ಕಾಲಿನಿಂದ ಒತ್ತಿದೆ. ಆರನೆಯ ದಿನ ರೈಗ್ರಾಸ್ ಕಂಡಿತು. ಬ್ಲೂಗ್ರಾಸ್ ಮೂರನೆಯ ವಾರ ಬಂತು. ನೆಲದಡಿಯ ಕಾಂಡಗಳಿಂದ ಹಬ್ಬುವ ಹುಲ್ಲು ಅದು. ಬಿಟ್ಟ ಸಂದುಗಳನ್ನು ಮರುವರ್ಷ ತಾನೇ ಮುಚ್ಚಿತು. ಒಂದು ಕೆಲಸ ಮಾತ್ರ ಹೆಚ್ಚು: ಉದುರಿದ ಮರದೆಲೆಗಳು ಎಳೆ ಹುಲ್ಲಿನ ಮೇಲೆ ಕೂರದಂತೆ ಹಗುರ ಕೈಯಿಂದ ತೆಗೆಯುತ್ತಿರಬೇಕು.

ಉಳಿದ ಬೀಜವನ್ನು ಮಣ್ಣಿನ ಶಾಖ 5 ಡಿಗ್ರಿಗಿಂತ ಕೆಳಗಿಳಿದ ಮೇಲೆ ಬೇಲಿಯುದ್ದಕ್ಕೂ ಚೆಲ್ಲಿದೆ. ಅಷ್ಟು ತಣ್ಣಗಿದ್ದರೆ ಬೀಜ ಮೊಳೆಯದೆ ಮಲಗಿರುತ್ತದೆ. ನೆಲ ಹೆಪ್ಪುಗಟ್ಟಿ ಕರಗಿ ಬಿರುಕು ಬಿಡುವಾಗ ಮಣ್ಣಿಗಿಳಿಯುತ್ತದೆ. ನೀರು ಬೇಡ, ಕಾವಲು ಬೇಡ. ಸಮತಟ್ಟು ಜಾಗದಲ್ಲಿ ಅರ್ಧದಷ್ಟು ಬಂತು. ಇಳಿಜಾರಿನಲ್ಲಿ ಹಾಕಿದ್ದನ್ನು ಕರಗಿದ ಹಿಮದ ನೀರು ಕೊಚ್ಚಿಕೊಂಡು ಹೋಗಿ ತಗ್ಗಿನಲ್ಲಿ ಗುಡ್ಡೆ ಹಾಕಿತು. ಈ ಬೀಜ ಮೊಳೆಯುವುದೂ ವಸಂತದಲ್ಲೇ ಆದ್ದರಿಂದ ಆ ವರ್ಷ ಪ್ರೊಡಿಯಮೈನ್‌ನಂಥ ಕಳೆ ತಡೆಯುವ ಮದ್ದನ್ನು ಹಾಕುವಂತಿಲ್ಲ. ಹಳೆಯ ತೊಡಕು ಇಲ್ಲಿಯೂ ಬಿಡಲಿಲ್ಲ.

ವರ್ಷಕ್ಕೆ ಒಂದೇ ಚೀಲ ಬೀಜ ಕೊಳ್ಳುವವನು ನಾನು. ದಿನವೂ ಬೆಳಗ್ಗೆ ಹತ್ತು ನಿಮಿಷ ಪೈಪು ಹಿಡಿದು ನಿಲ್ಲುವುದು ನನಗೆ ಇಷ್ಟ. ಆದ್ದರಿಂದ ಮೊದಲ ಸಲ ಇಬ್ಬನಿ ಹೆಪ್ಪುಗಟ್ಟುವ ದಿನದಿಂದ ಹಿಂದಕ್ಕೆ 45 ದಿನ ಎಣಿಸಿ, ಅದಕ್ಕಿಂತ ಮೊದಲೇ ಬಿತ್ತಿ ಮುಗಿಸುತ್ತೇನೆ. ಆ ಹೊತ್ತಿಗೆ ಊರಿನಲ್ಲಿ ಇರದವರಿಗೆ, ನೀರುಣಿಸಲು ಬಿಡುವಿಲ್ಲದವರಿಗೆ, ಅಂಗಳ ಸಮತಟ್ಟಾಗಿದ್ದರೆ, ಚಳಿಗಾಲದ ಮುನ್ನಿನ ಬಿತ್ತನೆ ಸಾಕು. ಬೀಜ ಸ್ವಲ್ಪ ಹೆಚ್ಚು ಹಾಕಬೇಕು. ವಸಂತದಲ್ಲಿ ನಾನೀಗ ಮದ್ದಿಲ್ಲದ ಗೊಬ್ಬರವನ್ನಷ್ಟೇ ಹಾಕುತ್ತೇನೆ, ಅದೂ ಚೀಲದ ಹಿಂಭಾಗವನ್ನು ಅಂಗಡಿಯಲ್ಲೇ ನಿಂತು ಓದಿದ ಮೇಲೆ.