ಎಲ್ಲ ಸೇರಿದ ಬಾಡಿಗೆ, ಮೀಟರ್ ಬೇರೆಯಿರುವ ಬಾಡಿಗೆ: ಮಂಗಳೂರಿನ ಎರಡು ಫ್ಲ್ಯಾಟುಗಳ ಹೋಲಿಕೆ

ಮಂಗಳೂರಿನಲ್ಲಿ ಈ ಎರಡೂ ಬಗೆಯ ಬಾಡಿಗೆ ಮನೆಗಳಲ್ಲಿ ನಾನು ಇದ್ದು ನೋಡಿದ್ದೇನೆ. ಕದ್ರಿಯ ಫ್ಲ್ಯಾಟಿನಲ್ಲಿ ಕರೆಂಟು, ನೀರು, ಮೇಂಟೆನೆನ್ಸ್ ಎಲ್ಲವೂ ಸೇರಿ ತಿಂಗಳಿಗೆ 19,000 ರೂಪಾಯಿ ಇತ್ತು. ಈಗಿರುವ ಕೊಟ್ಟಾರದ ಫ್ಲ್ಯಾಟಿಗೆ ಬಾಡಿಗೆ 14,500, ಮೇಂಟೆನೆನ್ಸ್ 1,500, ಮೆಸ್ಕಾಂನ ಕರೆಂಟು ಬಿಲ್ಲು ಪ್ರತ್ಯೇಕ. ಗ್ಯಾಸ್ ಸಿಲಿಂಡರ್ ಮತ್ತು ಇಂಟರ್ನೆಟ್ ಎರಡೂ ಕಡೆ ನಮ್ಮದೇ ಖರ್ಚು.

ಕದ್ರಿಯ ಬಾಡಿಗೆ ಹೆಚ್ಚಿರುವುದು ಜಾಗದ ಕಾರಣಕ್ಕೂ ಹೌದು. ಆದರೆ ಅದೇ ಕಟ್ಟಡದಲ್ಲಿ, ಅಷ್ಟೇ ದೊಡ್ಡದಾದ, ಕರೆಂಟು ಮಾತ್ರ ಬೇರೆಯಿದ್ದ ಫ್ಲ್ಯಾಟಿಗೆ 16,500 ಹೇಳುತ್ತಿದ್ದರು. ಅಂದರೆ ಬಿಲ್ಲಿನ ಗೊಡವೆ ಬೇಡವೆಂಬುದಕ್ಕೆ ನಾವು ತಿಂಗಳಿಗೆ 2,500 ಕೊಡುತ್ತಿದ್ದೆವು.

ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಈ ಲೆಕ್ಕ ದುಬಾರಿಯೆನಿಸುವುದಿಲ್ಲ. ಒಂದೂವರೆ ಟನ್ನಿನ ಎ.ಸಿ. ಗಂಟೆಗೆ ಸುಮಾರು ಒಂದರಿಂದ ಒಂದೂವರೆ ಯೂನಿಟ್ ಎಳೆಯುವುದರಿಂದ, ರಾತ್ರಿಯ ಎಂಟು ಗಂಟೆ ಓಡಿಸಿದರೆ ಅದೊಂದೇ ತಿಂಗಳಿಗೆ 200 ಯೂನಿಟ್ ದಾಟುತ್ತದೆ. ಆದರೆ ಮಳೆಗಾಲ ಹಿಡಿದ ಮೇಲೆ ಎ.ಸಿ.ಗೆ ಕೆಲಸವಿಲ್ಲ, ಒಗೆದ ಬಟ್ಟೆ ಒಣಗಲೆಂದು 75 ವ್ಯಾಟಿನ ಫ್ಯಾನನ್ನು ಹಗಲೂ ರಾತ್ರಿ ತಿರುಗಿಸಿದರೂ ದಿನಕ್ಕೆ ಎರಡು ಯೂನಿಟ್ ಆಗುವುದಿಲ್ಲ. ಆ ತಿಂಗಳುಗಳಲ್ಲಿಯೂ ಬಾಡಿಗೆ ಒಂದೇ.

ಇದಕ್ಕಿಂತ ಮುಖ್ಯವಾದ ಸಂಗತಿ ಮೆಟ್ಟಿಲ ಕೆಳಗಿನ ಮೀಟರ್ ಹಲಗೆಯ ಮೇಲಿತ್ತು. ನಮ್ಮ ಮತ್ತು ಪಕ್ಕದ ಮನೆಗೆ ಸೇರಿ ಮೆಸ್ಕಾಂ ಮೀಟರ್ ಒಂದೇ, ಅದೂ ಮಾಲೀಕರ ಹೆಸರಿನಲ್ಲಿ. ಅದರ ಪಕ್ಕದಲ್ಲಿ ಎರಡು ಸಬ್ ಮೀಟರ್‌ಗಳು, ಮೇಲೆ ಸೀಮೆಸುಣ್ಣದಿಂದ ಬರೆದ ಮನೆ ಸಂಖ್ಯೆ. ಮನೆಗಳಿಗೆ ಉಚಿತ ಕರೆಂಟು ಕೊಡಲು ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ, ಆದರೆ ಬಳಕೆ 200 ಯೂನಿಟ್ ಮೀರಿದ ತಿಂಗಳು ಪೂರ್ತಿ ಬಿಲ್ಲನ್ನು ಕಟ್ಟಬೇಕು. ಎರಡು ಸಂಸಾರಗಳು ಒಂದೇ ಮೀಟರಿನಲ್ಲಿದ್ದರೆ ಆ ಮಿತಿ ಉಳಿಯುವುದೇ ಕಷ್ಟ. ಉಳಿದರೂ ಶೂನ್ಯ ಬಿಲ್ಲಿನ ಲಾಭ ಬಾಡಿಗೆದಾರನಿಗೆ ತಲುಪುವುದಿಲ್ಲ. ಸಾಮಾನ್ಯ ಕುಟುಂಬವೊಂದಕ್ಕೆ ಇದು ಸಣ್ಣ ನಷ್ಟವಲ್ಲವೆಂದೇ ನನ್ನ ಭಾವನೆ.

ಕೊಟ್ಟಾರದಲ್ಲಿ ಮೀಟರ್ ನಮ್ಮ ಮನೆಗೇ ಮೀಸಲು. ಹಿಂದಿನ ಬಾಡಿಗೆದಾರರು ತಮ್ಮ ಆಧಾರ್ ಜೋಡಣೆಯನ್ನು ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ತೆಗೆಸಿಕೊಟ್ಟ ನಂತರ, ಬಾಡಿಗೆ ಕರಾರು ಮತ್ತು ಬಿಲ್ಲಿನಲ್ಲಿರುವ ಖಾತೆ ಸಂಖ್ಯೆಯೊಂದಿಗೆ ನಾವು ಗೃಹಜ್ಯೋತಿಗೆ ನೋಂದಾಯಿಸಿಕೊಂಡೆವು. ಮಳೆಗಾಲದಲ್ಲಿ ಬಿಲ್ಲು ಹೆಚ್ಚಾಗಿ ಶೂನ್ಯ. ಮೇ ತಿಂಗಳಲ್ಲಿ ಎರಡು ಸಾವಿರದ ಆಸುಪಾಸು. ಎ.ಸಿ. ಎಷ್ಟು ಹೊತ್ತಿಗೆ ಹಾಕಿದಿರಿ ಎಂದು ಯಾರೂ ವಿಚಾರಿಸುವುದಿಲ್ಲ, ಕದ್ರಿಯಲ್ಲಿ ಅದೊಂದು ಮಾತು ತಪ್ಪುತ್ತಿರಲಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ಕದ್ರಿಯೇ ಮೇಲು. ಅಲ್ಲಿನ ಕಾಂಪೌಂಡಿನಲ್ಲಿ ಹಳೆಯ ಬಾವಿಯೊಂದಿದ್ದು, ನಾವಿದ್ದಷ್ಟು ಕಾಲ ಅದರ ಒರತೆ ಬೇಸಿಗೆಯಲ್ಲೂ ನಿಲ್ಲಲಿಲ್ಲ. ಕೊಟ್ಟಾರದ ಕಟ್ಟಡ ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ ಬರುವ ಪಾಲಿಕೆಯ ನೀರನ್ನು ನೆಚ್ಚಿಕೊಂಡಿದೆ. ತುಂಬೆಯಲ್ಲಿ ನೀರು ತಗ್ಗಿದಾಗ, 2019ರಲ್ಲಿ ಮತ್ತು 2023ರಲ್ಲಿ ಆದಂತೆ, ಸರದಿಯ ಮೇಲೆ ನೀರು ಬಿಡುತ್ತಾರೆ. ಆಗ ಟ್ಯಾಂಕರಿನ ಖರ್ಚು ಎಲ್ಲ ಮನೆಗಳಿಗೆ ಹಂಚಿಕೆಯಾಗುತ್ತದೆ. ನೀರಿನ ಕೊರತೆ ಬಾಡಿಗೆದಾರನ ಕೈಯಲ್ಲಿಲ್ಲದ ಸಂಗತಿಯಾದ್ದರಿಂದ ಆ ಹೊರೆ ಮಾಲೀಕರ ಮೇಲಿರುವುದೇ ನ್ಯಾಯ. ಹಾಗಾಗಿ ನೀರು ಬಾಡಿಗೆಯಲ್ಲಿ ಸೇರಿರಲಿ, ಕರೆಂಟು ಬೇರೆಯಿರಲಿ ಎಂಬುದು ನನ್ನ ಆಯ್ಕೆ.

ದೇರಳಕಟ್ಟೆಯಲ್ಲಿ ಕೆಲವೇ ತಿಂಗಳು ಇರಬೇಕಾದ ವಿದ್ಯಾರ್ಥಿಗಳಿಗೆ ಎಲ್ಲ ಸೇರಿದ ಬಾಡಿಗೆಯೇ ಅನುಕೂಲ. ಅಂಥವರು ಕರಾರಿನಲ್ಲಿ ಎರಡನ್ನು ಬರೆಸಿಕೊಳ್ಳಬೇಕು: ಕರೆಂಟಿಗೆ ಯೂನಿಟ್ ಮಿತಿಯಿದ್ದರೆ ಅದು ಎಷ್ಟು, ಮತ್ತು ಮೇ ತಿಂಗಳ ಟ್ಯಾಂಕರಿನ ಹಣ ಯಾರದು.